ಮಂಡಿನೋವಿಗೆ ಗರಡಿಯ ಪಾಠ

ಕನ್ನಡಿಗರ ಬದುಕಿನಲ್ಲಿ ಮಂಡಿಗೆ ಇರುವ ಸ್ಥಾನ ಸಾಮಾನ್ಯವಾದುದಲ್ಲ. ಹೊಸಿಲ ಮುಂದೆ ರಂಗೋಲಿ ಇಡಲು, ಮಣೆಯ ಮೇಲೆ ಕುಳಿತು ಪೂಜೆ ಮಾಡಲು, ಪಂಕ್ತಿಯಲ್ಲಿ ಬಾಳೆಯೆಲೆಯ ಮುಂದೆ ಊಟಕ್ಕೆ ಕೂರಲು, ಹಿರಿಯರ ಕಾಲಿಗೆ ಎರಗಲು, ಎಳೆಯ ಮಕ್ಕಳೊಡನೆ ನೆಲದ ಮೇಲೆ ಆಡಲು ಮಂಡಿ ಬಾಗಬೇಕು. ಬಾಗಿದ ಮೇಲೆ ಯಾರ ಕೈಯನ್ನೂ ಹಿಡಿಯದೆ ಮತ್ತೆ ನೆಟ್ಟಗಾಗಬೇಕು. ಸಮುದ್ರ ದಾಟಿ ಬಂದ ನಾವು ಊಟದ ಮೇಜನ್ನೂ ಸೋಫಾವನ್ನೂ ಒಪ್ಪಿಕೊಂಡಿದ್ದೇವೆ, ನಿಜ. ಆದರೆ ಹೆಲೆನ್ಸ್‌ಬರ್ಗ್‌ನ ಶ್ರೀ ವೆಂಕಟೇಶ್ವರ ದೇವಾಲಯಕ್ಕೆ ಹೋದಾಗ, ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆದಾಗ, ನೆಲದ ಸಂಬಂಧ ಇನ್ನೂ ಕಡಿದಿಲ್ಲವೆಂಬುದು ಅರಿವಾಗುತ್ತದೆ. ಅಂಥ ವೇಳೆಯಲ್ಲಿ ಗೋಡೆಯ ಬದಿಗೆ ಸಾಲಾಗಿ ಹಾಕಿದ ಕುರ್ಚಿಗಳ ಕಡೆಗೆ ಒಬ್ಬೊಬ್ಬರಾಗಿ ಸರಿದು ಹೋಗುವ ನನ್ನ ವಯಸ್ಸಿನ ಸ್ತ್ರೀಯರನ್ನು ಕಂಡಿದ್ದೇನೆ. ಕುರ್ಚಿಯಲ್ಲಿ ಕೂರುವುದು ಅವಮಾನವೇನಲ್ಲ. ಆದರೆ ಕಾಲ ಕೂಡಿಬರುವ ಮುನ್ನವೇ ಅದನ್ನು ಆಶ್ರಯಿಸುವುದು ಅನಿವಾರ್ಯವೇ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಭಾರ ಎತ್ತಿದ ಕಾರಣ

ಐವತ್ತು ದಾಟಿದ ಗೃಹಿಣಿಗೆ ಕಬ್ಬಿಣದ ಭಾರ ಎತ್ತುವ ಗೊಡವೆ ಏಕೆಂದು ಊರಿನ ಬಂಧುಗಳು ನನ್ನನ್ನು ಕೇಳಿದ್ದುಂಟು. ಕಾರಣ ಸರಳವಾದುದು. ಋತುಬಂಧದ ನಂತರ ಸ್ತ್ರೀಯರ ದೇಹದಲ್ಲಿ ಈಸ್ಟ್ರೋಜನ್ ಕುಗ್ಗುತ್ತದೆ. ಅದರೊಡನೆ ಮೂಳೆಗಳ ಸಾಂದ್ರತೆಯೂ ಇಳಿಯತೊಡಗುತ್ತದೆ. ಕ್ವೀನ್ಸ್‌ಲ್ಯಾಂಡಿನ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮೂಳೆ ತೆಳುವಾಗಿದ್ದ 101 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪು ತಜ್ಞರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ಬಾರಿ, ಪ್ರತಿಸಲ ಅರ್ಧ ಗಂಟೆಯಂತೆ, 8 ತಿಂಗಳ ಕಾಲ ಭಾರ ಎತ್ತಿತು. ಆ ಗುಂಪಿನವರ ಬೆನ್ನುಮೂಳೆಯ ಸಾಂದ್ರತೆ ಇಳಿಯುವ ಬದಲು ಏರಿತ್ತು. ಇಂಥ ವಿಷಯಗಳನ್ನು ಓದಿ, ವೈದ್ಯರ ಒಪ್ಪಿಗೆ ಪಡೆದು, ರೌಸ್ ಹಿಲ್‌ನ ವ್ಯಾಯಾಮಶಾಲೆಯೊಂದಕ್ಕೆ ನಾನು ಸೇರಿದ್ದೆ. ತೋಳು, ಬೆನ್ನು, ಭುಜಗಳಿಗೆ ಅದರಿಂದ ದೊರೆತ ಲಾಭ ನನ್ನ ಅನುಭವಕ್ಕೆ ಬಂದಿದೆ.

ಎರಡು ವರ್ಷಗಳ ಮೇಲೆ ಬಲಮಂಡಿಯ ಮುಂಭಾಗದಲ್ಲಿ ನೋವು ಕಾಣಿಸಿಕೊಂಡಿತು. ರೌಸ್ ಹಿಲ್ ಹೊಸ ಬಡಾವಣೆಗಳ ಊರು. ಮನೆಗಳು ಬಹುಪಾಲು ಎರಡಂತಸ್ತಿನವು. ಅಡುಗೆಮನೆ ಕೆಳಗೆ, ಮಲಗುವ ಕೋಣೆಗಳು ಮೇಲೆ. 2019ರಲ್ಲಿ ತೆರೆದ ಮೆಟ್ರೋ ನಿಲ್ದಾಣವೂ ನೆಲದಿಂದ ಮೇಲಿದೆ. ಹೀಗಾಗಿ ಮೆಟ್ಟಿಲಿಲ್ಲದ ದಿನವೆಂಬುದೇ ಇಲ್ಲಿಲ್ಲ. ಏರುವುದಕ್ಕಿಂತ ಇಳಿಯುವುದೇ ಕಷ್ಟವಾಯಿತು. ಬಹಳ ಹೊತ್ತು ಕುಳಿತೆದ್ದರೆ ಮೊದಲ ನಾಲ್ಕು ಹೆಜ್ಜೆಗಳು ನನ್ನವಲ್ಲವೇನೋ ಎಂಬಂತಾಗುತ್ತಿತ್ತು.

ಫಿಸಿಯೋಥೆರಪಿಸ್ಟ್ ಮಂಡಿಯನ್ನು ಬಾಗಿಸಿ, ಒತ್ತಿ, ನಡೆಸಿ ನೋಡಿದರು. ಎಕ್ಸ್‌ರೇ ಬೇಡವೇ ಎಂದು ಕೇಳಿದಾಗ, ಅಪಾಯದ ಬೇರೆ ಲಕ್ಷಣಗಳಿಲ್ಲದಿದ್ದರೆ ನಮ್ಮ ವಯಸ್ಸಿನವರ ಮಂಡಿಯ ಸಂಧಿವಾತವನ್ನು ಲಕ್ಷಣಗಳಿಂದಲೂ ಪರೀಕ್ಷೆಯಿಂದಲೂ ಗುರುತಿಸಬಹುದೆಂದು ವಿವರಿಸಿದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಗುಣಮಟ್ಟ ಆಯೋಗ 2024ರಲ್ಲಿ ಪರಿಷ್ಕರಿಸಿದ ಮಾನದಂಡವೂ ಇದನ್ನೇ ಹೇಳುತ್ತದೆ. ಅವರ ಸಲಹೆ ಇಷ್ಟೇ: ತೋಳುಗಳ ಭಾರ ಹಾಗೆಯೇ ಇರಲಿ, ಕಾಲುಗಳಿಗೆ ಸದ್ಯ ಮೈಯ ಭಾರವೇ ಸಾಕು.

ಮೈಯ ಭಾರ ಹಗುರವಲ್ಲ

'ಮೈಯ ಭಾರವೇ ಸಾಕು' ಎಂಬ ಮಾತು ಮೊದಲಿಗೆ ಸಮಾಧಾನದ ಮಾತಿನಂತೆ ಕೇಳಿಸಿತು. ಲೆಕ್ಕ ತಿಳಿದ ಮೇಲೆ ಅಭಿಪ್ರಾಯ ಬದಲಾಯಿತು. ಕೃತಕ ಮಂಡಿಯೊಳಗೆ ಅಳತೆಯ ಉಪಕರಣವನ್ನೇ ಇರಿಸಿ ಜರ್ಮನಿಯ ಸಂಶೋಧಕರು ಪರೀಕ್ಷಿಸಿದ್ದಾರೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಎಂದರೆ 65 ಕಿಲೋ ತೂಗುವವರು ಮೆಟ್ಟಿಲಿಳಿಯುವ ಪ್ರತಿ ಹೆಜ್ಜೆಯಲ್ಲೂ ಒಂದು ಮಂಡಿ 225 ಕಿಲೋಗಳಷ್ಟು ಒತ್ತಡವನ್ನು ತಾಳಿಕೊಳ್ಳುತ್ತದೆ! ತೂಕ ಇಳಿಸಿದರೆ ಲಾಭವೂ ಅದೇ ರೀತಿ ಹೆಚ್ಚುತ್ತದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ನಾಲ್ಕು ಕಿಲೋಗಳಷ್ಟು ತಗ್ಗುತ್ತದೆಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಇದನ್ನು ಕೇಳಿದ ಕೂಡಲೇ 'ಹಾಗಾದರೆ ನಡೆಯುವುದನ್ನೇ ಕಡಿಮೆ ಮಾಡೋಣ' ಎನ್ನುವವರುಂಟು. ದೇಹದ ಸ್ವಭಾವ ಇದಕ್ಕೆ ವಿರುದ್ಧವಾದುದು. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಿದಾಗ ಹಿಂಡಿ, ಬಿಟ್ಟಾಗ ಹೀರುವ ಸ್ಪಂಜಿನಂತೆ ಅದು ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಚಲನೆ ನಿಂತರೆ ಈ ಪೋಷಣೆಯೂ ಕುಂದುತ್ತದೆ. ಇನ್ನೊಂದು ಕಡೆ, ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳು ಬಲವಾಗಿದ್ದರೆ ಹೆಜ್ಜೆಯ ಆಘಾತವನ್ನು ಅವು ಹಂಚಿಕೊಳ್ಳುತ್ತವೆ. ಅವು ಸೊರಗಿದರೆ ಹೊರೆಯೆಲ್ಲ ಕೀಲಿನ ಪಾಲಿಗೆ. 'ಮಂಡಿ ಸವೆದುಹೋಗಿದೆ' ಎಂಬ ನಮ್ಮ ಮನೆಮಾತು ಎತ್ತಿನಗಾಡಿಯ ಕೀಲಿಗೆ ಹೊಂದೀತೇ ಹೊರತು ಜೀವವಿರುವ ಕೀಲಿಗೆ ಪೂರ್ತಿಯಾಗಿ ಹೊಂದದು.

ಗರಡಿಮನೆಯ ನೆನಪು

ಮೈಯ ಭಾರವನ್ನೇ ಸಾಧನವಾಗಿಸಿಕೊಳ್ಳುವುದು ಪಾಶ್ಚಾತ್ಯರು ಕಲಿಸಿದ ಹೊಸ ವಿದ್ಯೆಯೇನಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಜಟ್ಟಿಗಳು ಇಂದಿಗೂ ಇದ್ದಾರೆ. ಮೈಸೂರು ದಸರಾ ಎಂದರೆ ಕುಸ್ತಿ ಇರಲೇಬೇಕು. ಆದರೆ ಗರಡಿಯ ಸಾಮಿನ ಅಡಿಪಾಯ ದಂಡ ಮತ್ತು ಬಸ್ಕಿ. ಅವಕ್ಕೆ ಕಲ್ಲೂ ಬೇಡ, ಕಬ್ಬಿಣವೂ ಬೇಡ. ಮೈ ಮತ್ತು ಮಟ್ಟಿಯ ನೆಲ ಇದ್ದರಾಯಿತು. ಶಾಲೆಯಲ್ಲಿ ಶಿಕ್ಷೆಯೆಂದು ನಾವು ಕಂಡ ಬಸ್ಕಿ ಅಲ್ಲಿ ಸಾಧನೆಯಾಗಿತ್ತು.

ಬೆಂಗಳೂರಿನ ಕೆ. ವಿ. ಅಯ್ಯರ್ (1897–1980) ಅವರನ್ನು ಇಲ್ಲಿ ಸ್ಮರಿಸುವುದು ಉಚಿತ. 'ಶಾಂತಲಾ' ಕಾದಂಬರಿಯ ಕರ್ತೃವೆಂದು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅವರನ್ನು ಬಲ್ಲೆವು. ಆದರೆ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ನಾಡಿನ ತರುಣರ ಮೈಕಟ್ಟನ್ನು ರೂಪಿಸಿದವರೂ ಹೌದು. ಬಾರ್‌ಬೆಲ್ ಎತ್ತಿಸುತ್ತಿದ್ದ ಅದೇ ಅಯ್ಯರ್ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಹಠಯೋಗವನ್ನೂ ಭಾರದ ವ್ಯಾಯಾಮವನ್ನೂ ಒಂದೇ ಸೂರಿನಡಿ ತಂದರು. ಅವರ ದೃಷ್ಟಿಯಲ್ಲಿ ಕಬ್ಬಿಣ ಮತ್ತು ಮೈಭಾರ ಪರಸ್ಪರ ವೈರಿಗಳಾಗಿರಲಿಲ್ಲ. ಈ ಸಮನ್ವಯವೇ ಇಂದು ನಮಗೂ ಬೇಕಾದುದು.

ಗರಡಿಯ ಬಾಗಿಲು ನಮ್ಮ ತಾಯಂದಿರಿಗೆ ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು. ಬಾವಿಯಿಂದ ನೀರು ಸೇದುವುದು, ಒರಳಿನ ಮುಂದೆ ಕುಳಿತು ರುಬ್ಬುವುದು, ಈಳಿಗೆಮಣೆಯ ಮೇಲೆ ಕುಳಿತು ಹೆಚ್ಚುವುದು, ಇವೇ ಅವರ ಸಾಮು. ಅವರು ದಿನಕ್ಕೆ ಹತ್ತಾರು ಬಾರಿ ನೆಲಕ್ಕೆ ಕುಳಿತು ಏಳುತ್ತಿದ್ದರು. ಮಿಕ್ಸಿ, ಡಿಶ್‌ವಾಶರುಗಳ ನಡುವೆ ನಿಂತೇ ದುಡಿಯುವ ನಮಗೆ ದಣಿವುಂಟು, ಬಸ್ಕಿಯಿಲ್ಲ. 'ಮನೆಗೆಲಸವೇ ಸಾಕಷ್ಟು ವ್ಯಾಯಾಮ' ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಅಭ್ಯಾಸದ ಕ್ರಮ

ನನಗೆ ದೊರೆತ ಪಾಠದ ತಿರುಳನ್ನು ಇಲ್ಲಿ ಕೊಡುತ್ತೇನೆ. ಆರಂಭ ಪೂರ್ಣ ಬಸ್ಕಿಯಿಂದಲ್ಲ. ನೋಯುವ ಮಂಡಿಗೆ ಅಷ್ಟು ಆಳ ಮೊದಲ ದಿನವೇ ಸಲ್ಲದು. ಗಟ್ಟಿಯಾದ ಕುರ್ಚಿಯ ಅಂಚಿನಲ್ಲಿ ಕುಳಿತು, ಕೈ ಊರದೆ ಎದ್ದು ನಿಂತು, ಮೂರು ಎಣಿಸುತ್ತ ನಿಧಾನವಾಗಿ ಕೂರುವುದು. ಹೀಗೆ 10 ಸಲ. ಸ್ವಲ್ಪ ವಿರಾಮದ ನಂತರ ಇನ್ನೆರಡು ಸುತ್ತು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಬಹುದು. ಎರಡನೆಯದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತುವ ಸೇತುಬಂಧ. ಮೂರನೆಯದು, ಕೈಪಿಡಿ ಹಿಡಿದು ಮನೆಯ ಕೊನೆಯ ಮೆಟ್ಟಿಲನ್ನು ಹತ್ತಿ ಇಳಿಯುವುದು. ನಾಲ್ಕನೆಯದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕೊನೆಯದು, ಕಟ್ಟೆಯ ಪಕ್ಕದಲ್ಲೇ ಒಂಟಿಕಾಲಿನಲ್ಲಿ ನಿಲ್ಲುವುದು. ಪ್ರತಿಯೊಂದರಲ್ಲೂ ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕಿರಬೇಕು.

ಕಬ್ಬಿಣವಿಲ್ಲದೆ ಭಾರ ಹೆಚ್ಚುವುದು ಹೇಗೆ? ಕುರ್ಚಿಯ ದಿಂಬು ತೆಗೆದರೆ ಭಾರ ಹೆಚ್ಚಿತು. ಕೂರುವ ವೇಗ ತಗ್ಗಿಸಿದರೆ ಇನ್ನಷ್ಟು ಹೆಚ್ಚಿತು. ಒಂದು ಪಾದವನ್ನು ತುಸು ಮುಂದಿಟ್ಟು ಇನ್ನೊಂದರ ಮೇಲೆ ಬಲ ಬಿಟ್ಟರೆ ಮತ್ತಷ್ಟು. ಮೈಭಾರದ ವ್ಯಾಯಾಮದಲ್ಲಿ ಕಲಿಯಬೇಕಾದ ಗುಟ್ಟು ಇದೇ.

ನೋವಿಗೂ ಒಂದು ಅಳತೆಗೋಲು ಬೇಕು. ಸೊನ್ನೆಯಿಂದ 10ರವರೆಗೆ ಎಣಿಸಿದರೆ 5ರೊಳಗಿನ ನೋವು ಸಹ್ಯ. ಆದರೆ ಮರುದಿನದೊಳಗೆ ಅದು ಹಿಂದಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಸುತ್ತು ಕಡಿಮೆ ಮಾಡಬೇಕು, ಅಭ್ಯಾಸವನ್ನು ಬಿಡಬಾರದು. ಮಂಡಿ ಬಿಸಿಯಾಗಿ ಊದಿಕೊಂಡರೆ, ಮಡಿಸಿದ್ದು ಸಿಕ್ಕಿಹಾಕಿಕೊಂಡರೆ, ಜ್ವರ ಬಂದರೆ, ಕಾಲೂರಲಾಗದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಗುಂಪಿನಲ್ಲಿ ಕಲಿಯಬಯಸುವವರಿಗೆ 'ಗ್ಲಾಡ್' ಎಂಬ ಕಾರ್ಯಕ್ರಮವಿದೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಹುಟ್ಟಿದ ಇದನ್ನು ಆಸ್ಟ್ರೇಲಿಯಾಕ್ಕೆ ತಂದದ್ದು ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯ. ತಿಳಿವಳಿಕೆಯ 2 ಪಾಠಗಳು, ವ್ಯಾಯಾಮದ 12 ತರಗತಿಗಳು, ಒಟ್ಟು ಆರು ವಾರ. ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಇದರಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಇದ್ದಾರೆ. ದೀರ್ಘಕಾಲದ ತೊಂದರೆಯಿರುವವರಿಗೆ ಕುಟುಂಬ ವೈದ್ಯರು ಯೋಜನೆ ಸಿದ್ಧಪಡಿಸಿಕೊಟ್ಟರೆ ವರ್ಷಕ್ಕೆ 5 ಭೇಟಿಗಳವರೆಗೆ ಮೆಡಿಕೇರ್ ನೆರವೂ ಉಂಟು. ಇದನ್ನರಿಯದೆ ನೋವು ನುಂಗುತ್ತಿರುವವರು ನಮ್ಮಲ್ಲಿ ಅನೇಕರು.

ಫಲ ಮತ್ತು ಬಿನ್ನಹ

ನನ್ನ ನೋವು ಸಂಪೂರ್ಣ ಮಾಯವಾಯಿತೆಂದು ಹೇಳಲಾರೆ. ಚಳಿಗಾಲದ ಬೆಳಗಿನಲ್ಲಿ ಮಂಡಿ ತನ್ನ ಇರವನ್ನು ಇಂದಿಗೂ ತಿಳಿಸುತ್ತದೆ. ಆದರೆ ಮೂರು ತಿಂಗಳ ಅಭ್ಯಾಸದ ನಂತರ ಒಗೆದ ಬಟ್ಟೆಯ ಬುಟ್ಟಿಯೊಡನೆ ಮೆಟ್ಟಿಲಿಳಿಯುವ ಧೈರ್ಯ ಬಂದಿತು. ಆರು ತಿಂಗಳಿಗೆ ವರಮಹಾಲಕ್ಷ್ಮಿ ವ್ರತದ ಪೂಜೆಗೆ ಮಣೆಯ ಮೇಲೆ ಕುಳಿತು, ನೆಲಕ್ಕೆ ಒಂದು ಕೈ ಊರಿ, ನಾನೇ ಎದ್ದೆ. ಮೂಳೆಯ ಹಿತಕ್ಕಾಗಿ ತೋಳಿನ ಭಾರವನ್ನು ಮುಂದುವರಿಸಿದ್ದೇನೆ. ಕಾಲುಗಳಿಗೂ ಕಬ್ಬಿಣವನ್ನು ತುಸುತುಸುವಾಗಿ ಮರಳಿ ತರುವ ಮಾತು ಈಗ ನಡೆದಿದೆ.

ಕನ್ನಡ ಸಂಘಗಳ ಕಾರ್ಯಕರ್ತರಲ್ಲಿ ಒಂದು ಬಿನ್ನಹ. ವಾರಾಂತ್ಯದ ಕನ್ನಡ ಶಾಲೆಗಳಲ್ಲಿ ಮಕ್ಕಳು ಅ, ಆ, ಇ, ಈ ತಿದ್ದುವ ಹೊತ್ತಿನಲ್ಲಿ ಹೊರಗೆ ಕಾಯುವ ತಾಯಂದಿರೂ ಅಜ್ಜಿಯರೂ ಎಷ್ಟು ಮಂದಿ! ಅವರು ಕೂರುವ ಕುರ್ಚಿಗಳೇ ಅವರ ಗರಡಿಯಾಗಲಿ. ಕನ್ನಡದ ಅಂಕಿಗಳನ್ನು ಗಟ್ಟಿಯಾಗಿ ಎಣಿಸುತ್ತ ಹತ್ತು ಸಲ ಎದ್ದು, ಹತ್ತು ಸಲ ಕೂತರೆ ಐದು ನಿಮಿಷವೂ ಹಿಡಿಯದು. ಒಳಗಿನ ಮಕ್ಕಳೂ ಆ ಎಣಿಕೆಯನ್ನು ಕೇಳಿಸಿಕೊಳ್ಳಲಿ.