ಮನೆಯ ಮಗ್ಗುಲಿನ ಲೇತು

ಕಲಬುರಗಿಯಿಂದ ಅಫಜಲಪುರದ ದಾರಿ ಹಿಡಿದವರಿಗೂ ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರಿಗೂ ಚೌಡಾಪುರ ಪರಿಚಿತವಾದ ಊರು. ಇಂಥ ದಾರಿಯ ಬದಿಯಲ್ಲಿ ಕಬ್ಬಿನ ಹಾಲು ಮಾರಿ ಸಂಸಾರ ಸಾಗಿಸುವವನೊಬ್ಬನ ಗಾಣ, ದತ್ತಜಯಂತಿಗೆ ಎರಡು ದಿನ ಇರುವಾಗ ನಿಂತುಹೋಯಿತೆನ್ನೋಣ. ಬಿಚ್ಚಿ ನೋಡಿದರೆ ರೋಲರಿನ ಶಾಫ್ಟನ್ನು ಹೊತ್ತಿದ್ದ ಗನ್‌ಮೆಟಲ್ ಬುಷ್ ಸವೆದು ಸೀಳಿದೆ. ಗಾಣ ಹಳೆಯದು, ಅದನ್ನು ಮಾಡಿದ ಕಂಪನಿ ಈಗಿಲ್ಲ. ಪೇಟೆಯಲ್ಲಿ ದೊರೆತ ಬುಷ್ಷು ಶಾಫ್ಟಿನ ಮೇಲೆ ಗಿಲಿಗಿಲಿ ಅಲ್ಲಾಡುತ್ತದೆ. ಆಗ ಅವನು ಅರಸಿಕೊಂಡು ಹೋಗುವುದು ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಲೇತೊಂದನ್ನು ಇಟ್ಟುಕೊಂಡಿರುವ ಟರ್ನರನನ್ನು. ಆ ಶೆಡ್ಡಿನೊಳಗಿನ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಲೇತು ಕುಂಬಾರನ ತಿಗರಿಯ ಬಂಧುವೇ ಸರಿ. ತಿಗರಿಯಲ್ಲಿ ಮಣ್ಣು ತಿರುಗುತ್ತದೆ, ಕೈ ರೂಪ ಕೊಡುತ್ತದೆ. ಇಲ್ಲಿ ಲೋಹ ತಿರುಗುತ್ತದೆ, ಗಟ್ಟಿ ಉಕ್ಕಿನ ಉಳಿ ಅದನ್ನು ಹೆರೆಯುತ್ತದೆ. ಆದರೆ ಉಳಿಯನ್ನು ಹಿಡಿದಿರುವುದು ಮನುಷ್ಯನ ಕೈಯಲ್ಲ. ತಿರುಪಿನಿಂದ ಸರಿಯುವ ಕಬ್ಬಿಣದ ಪೀಠವೊಂದು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಮನುಷ್ಯ ಆ ತಿರುಪನ್ನು ತಿರುವುತ್ತಾನೆ, ಅಷ್ಟೆ. ಈ ಏರ್ಪಾಟನ್ನು 1800ರ ಸುಮಾರಿಗೆ ಪಕ್ವಗೊಳಿಸಿದವನು ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ. ಅವನ ಕಾರ್ಯಶಾಲೆಯಲ್ಲಿ ಅತಿಸೂಕ್ಷ್ಮವಾದ ಒಂದು ಅಳತೆಯ ಉಪಕರಣವಿತ್ತು. ಅಳತೆಯ ವ್ಯಾಜ್ಯಕ್ಕೆ ಅದರ ತೀರ್ಪೇ ಕೊನೆಯದಾದ್ದರಿಂದ ಅದಕ್ಕೆ ಅಲ್ಲಿನ ಮುಖ್ಯ ನ್ಯಾಯಾಧಿಪತಿಯ ಬಿರುದನ್ನೇ ಕೊಟ್ಟು 'ಲಾರ್ಡ್ ಚಾನ್ಸಲರ್' ಎಂದು ಕರೆದರು.

ಅಲ್ಲಿಯವರೆಗೆ ಪ್ರತಿಯೊಂದು ಬೋಲ್ಟಿಗೂ ಅದರದೇ ಆದ ನಟ್ಟು. ಒಂದರ ಜೋಡಿ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಮಾಡ್‌ಸ್ಲೇಯ ಬಳಿ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಎಳೆಗಳೆಲ್ಲ ಒಂದೇ ಪ್ರಮಾಣದಲ್ಲಿರಬೇಕೆಂದು ಸೂಚಿಸಿದ. ಯಾವ ನಟ್ಟಾದರೂ ಆ ಅಳತೆಯ ಯಾವ ಬೋಲ್ಟಿಗಾದರೂ ಕೂಡುವ ಇಂದಿನ ಕಾರ್ಖಾನೆಯ ಲೋಕ ಹೀಗೆ ಬೆಳೆಯಿತು. ಆದರೆ ಯಂತ್ರ ಹತ್ತಿಪ್ಪತ್ತು ವರ್ಷ ದುಡಿದ ಮೇಲೆ ಈ ಸಮಾನತೆ ಮತ್ತೆ ಅಳಿಯುತ್ತದೆ. ಒಂದೇ ದಿನ ಕಾರ್ಖಾನೆಯಿಂದ ಹೊರಬಿದ್ದ ಎರಡು ಗಾಣಗಳು ಎರಡು ಬಗೆಯಲ್ಲಿ ಸವೆಯುತ್ತವೆ. ನಮ್ಮ ಟರ್ನರ್ ಕೆಲಸಮಾಡುವುದು ಈ ಸವೆದ ಲೋಕದಲ್ಲಿ. ಅವನಿಗೆ ಬೇಕಾದ ಅಳತೆ ಯಾವ ಪುಸ್ತಕದಲ್ಲಿಯೂ ಇಲ್ಲ, ಎದುರಿಗಿರುವ ಶಾಫ್ಟಿನಲ್ಲಿದೆ.

ಆದುದರಿಂದ ಬಲ್ಲವನು ಮೊದಲು ಬುಷ್ಷನ್ನು ಮುಟ್ಟುವುದಿಲ್ಲ, ಶಾಫ್ಟನ್ನು ಅಳೆಯುತ್ತಾನೆ. ಅದೂ ಒಂದು ಕಡೆಯಲ್ಲಲ್ಲ. ಉದ್ದಕ್ಕೂ ಮೂರು ಕಡೆ, ಪ್ರತಿ ಕಡೆಯೂ ಅಡ್ಡಲಾಗಿ ಒಮ್ಮೆ, ನೆಟ್ಟಗೆ ಒಮ್ಮೆ. ಶಾಫ್ಟು ಎಲ್ಲೆಡೆ ಒಂದೇ ಸಮನಾಗಿ ಸವೆದಿರುವುದಿಲ್ಲ, ದುಂಡು ತಪ್ಪಿರಲೂಬಹುದು. ಅದನ್ನು ಲೇತಿಗೇರಿಸಿ ದುಂಡಗೆ ಮಾಡಿದರೆ 40 ಮಿ.ಮೀ. ಇದ್ದದ್ದು 39 ಚಿಲ್ಲರೆಗೆ ಇಳಿಯುತ್ತದೆ. ಅಂಗಡಿಯ ಬುಷ್ಷು ಸೋಲುವುದು ಇಲ್ಲಿಯೇ! ಇನ್ನು ಶಾಫ್ಟಿಗೂ ಬುಷ್ಷಿಗೂ ನಡುವೆ ಎಣ್ಣೆ ನಿಲ್ಲುವಷ್ಟು ಸಂದು ಬೇಕು. ಶಾಫ್ಟಿನ ವ್ಯಾಸದ ಸಾವಿರದಲ್ಲೊಂದು ಪಾಲು ಎಂಬುದು ರೂಢಿಯ ಲೆಕ್ಕ. ಇಲ್ಲಿ ಸುಮಾರು 0.04 ಮಿ.ಮೀ. ನಿಧಾನವಾಗಿ ತಿರುಗುವ ಗಾಣಕ್ಕೆ ಇದರ ಎರಡರಷ್ಟಾದರೂ ನಡೆದೀತು. ಬಡಿಗನ ಒಂದು ನೂಲು ಎಂದರೆ ಅಂಗುಲದ ಎಂಟರಲ್ಲೊಂದು ಪಾಲು, ಮೂರು ಮಿಲಿಮೀಟರಿಗೂ ಮಿಗಿಲು. ಮರಗೆಲಸದ ಕಣ್ಣಂದಾಜು ಇಲ್ಲಿ ಸಾಲದೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಇಷ್ಟು ಸೂಕ್ಷ್ಮದಲ್ಲಿ ಬಿಸಿಲೂ ಪಾಲುದಾರನಾಗುತ್ತದೆ. ಹೆರೆದ ಲೋಹ ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ. ಬುಷ್ಷು ನಲವತ್ತು ಡಿಗ್ರಿಯಷ್ಟು ಹೆಚ್ಚು ಕಾದಿದ್ದರೆ ಅದರ ತೂತು ಸುಮಾರು 0.03 ಮಿ.ಮೀ. ದೊಡ್ಡದಾಗಿ ಕಾಣುತ್ತದೆ. ಆ ಬಿಸಿಯಲ್ಲೇ ಅಳೆದು ಸರಿಯಾಯಿತೆಂದು ನಿಲ್ಲಿಸಿದರೆ, ಆರಿದ ಮೇಲೆ ನಾವು ಬಿಟ್ಟ ಸಂದಿನ ಬಹುಪಾಲು ಮಾಯವಾಗಿರುತ್ತದೆ. ಅಳತೆಗೆ ಲೋಕವೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ವೈಶಾಖದ ಕಲಬುರಗಿ ಸೀಮೆಯಲ್ಲಿ, ತಗಡಿನ ಮಾಡಿನ ಕೆಳಗೆ, ಆ ಮಾತು ಕೇಳಿದರೆ ನಗು ಬಂದೀತು. ಟರ್ನರನಿಗೆ ಉಳಿದಿರುವ ಉಪಾಯ ತಾಳ್ಮೆಯೊಂದೇ. ಕೊನೆಯ ಹೆರೆತಕ್ಕೆ ಮುಂಚೆ ತುಂಡನ್ನು ಆರಗೊಟ್ಟು ಮತ್ತೆ ಅಳೆಯಬೇಕು. ಇನ್ನೊಂದು ಮರ್ಮವೂ ಉಂಟು. ಬುಷ್ಷನ್ನು ಅದರ ಮನೆಯೊಳಕ್ಕೆ ಒತ್ತಿ ಕೂರಿಸಿದಾಗ ಅದರ ತೂತು ತುಸು ಕಿರಿದಾಗುತ್ತದೆ. ಅಷ್ಟನ್ನು ಮೊದಲೇ ಬಿಟ್ಟುಕೊಂಡಿರಬೇಕು, ಇಲ್ಲವೆ ಕೂರಿಸಿದ ಮೇಲೆ ತೂತನ್ನು ಮತ್ತೊಮ್ಮೆ ತೀಡಬೇಕು.

ಗಾಣದ ಬೋಲ್ಟೂ ಕೆಟ್ಟಿದ್ದರೆ ತೊಡಕು ಬೇರೆ. ನಮ್ಮ ದೇಶ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ತಿರುಗಿತಾದರೂ ಹಳೆಯ ಯಂತ್ರಗಳು ಅಂಗುಲವನ್ನು ಬಿಡಲಿಲ್ಲ. ಮಿಲಿಮೀಟರಿನ ಲೇತಿನಲ್ಲಿ ಅಂಗುಲದ ಎಳೆ ಕೊರೆಯಲು 127 ಹಲ್ಲಿನ ಚಕ್ರ ಬೇಕು. ಐದು ಅಂಗುಲ ಸೇರಿದಾಗ ಮಾತ್ರ ಸರಿಯಾಗಿ 127 ಮಿ.ಮೀ. ಆಗುತ್ತದೆ; 127 ಯಾವ ಸಂಖ್ಯೆಯಿಂದಲೂ ಭಾಗವಾಗದ್ದರಿಂದ ಚಿಕ್ಕ ಚಕ್ರಗಳಿಂದ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಎರಡು ಅಳತೆಗಳ ರಾಜಿ ಆ ಒಂದು ಚಕ್ರದಲ್ಲಿದೆ.

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳು ಸಂದಿವೆ. ಹೊಸ ಲೇತಿಗೆ ಹಣ ಸಾಲದವನು ಕೊಳ್ಳುವುದು ಇಂಥ ಹಳೆಯದನ್ನೇ. ಕೊಳ್ಳುವಾಗ ಬಣ್ಣ ನೋಡಬೇಡಿ; ಪೀಠ ಸರಿಯುವ ಹಳಿ ಚಕ್ಕಿನ ಬಳಿ ಎಷ್ಟು ಸವೆದಿದೆಯೆಂಬುದನ್ನು ನೋಡಿ. ಹೆಚ್ಚು ದುಡಿಮೆ ನಡೆದಿರುವುದು ಅಲ್ಲಿಯೇ. ಹೆಗಲ ಮೇಲಿನ ವಲ್ಲಿಯನ್ನು ಗೂಟಕ್ಕೆ ಹಾಕಿ ಲೇತಿನ ಮುಂದೆ ನಿಲ್ಲಿ. ಕೈಗವಸು ಕೂಡ ಸಲ್ಲದು. ತಿರುಗುವ ಚಕ್ಕು ಬಟ್ಟೆಯ ಅಂಚನ್ನು ಹಿಡಿದರೆ ಕೈಯನ್ನು ಬಿಡುವುದಿಲ್ಲ.

ಇನ್ನು ಗಾಣದವನಿಗೆ ಒಂದು ಮಾತು. ಸೀಳಿದ ಬುಷ್ಷನ್ನು ಗುಜರಿಗೆ ಹಾಕದೆ, ಚೂರಾಗಿದ್ದರೂ ಕಟ್ಟಿಕೊಂಡು ಬರಬೇಕು. ಎಣ್ಣೆಯ ತೂತು ಎಲ್ಲಿತ್ತು, ಯಾವ ಬದಿ ಹೆಚ್ಚು ಸವೆಯಿತು ಎಂಬುದನ್ನೆಲ್ಲ ಆ ಚೂರೇ ಹೇಳುತ್ತದೆ. ಶಾಫ್ಟನ್ನಂತೂ ಬಿಟ್ಟು ಬರಲೇಬಾರದು. ಎರಡೂ ಮುಂಜಾನೆಯೇ ಶೆಡ್ಡಿಗೆ ಬಂದರೆ, ಗನ್‌ಮೆಟಲ್ ತುಂಡು ಕೈಯಲ್ಲಿದ್ದು ಕರೆಂಟು ಕೈಕೊಡದಿದ್ದರೆ, ಸಂಜೆಯ ಹೊತ್ತಿಗೆ ರೋಲರು ತಿರುಗೀತು.