ಊರಿಗಿಂತ ಹಳೆಯ ಸೇತುವೆ

ಹೈದರಾಬಾದಿಗೆ ಬಂದ ನೆಂಟರಿಗೆ ನಾವೆಲ್ಲ ಮೊದಲು ತೋರಿಸುವುದು ಚಾರ್‌ಮಿನಾರ್. ಕಲಬುರಗಿಯಿಂದ ಬಂದಿದ್ದ ಅಪ್ಪನನ್ನು ನಾನು ಅದಕ್ಕೂ ಮೊದಲು ಪುರಾನಾಪುಲ್‌ಗೆ ಕರೆದೊಯ್ದೆ. 1591ರ ಚಾರ್‌ಮಿನಾರ್‌ಗಿಂತ ಈ ಸೇತುವೆ 13 ವರ್ಷ ಹಿರಿಯದು.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ 1578ರಲ್ಲಿ ಮೂಸಿ ನದಿಗೆ 22 ಕಮಾನುಗಳ ಈ ಕಲ್ಲಿನ ಸೇತುವೆ ಕಟ್ಟಿಸಿದಾಗ ಆಚೆ ದಡದಲ್ಲಿ ಹೈದರಾಬಾದ್ ಇನ್ನೂ ಹುಟ್ಟಿರಲಿಲ್ಲ. ಮಗ ಮಹಮ್ಮದ್ ಕುಲಿ ಪ್ರೇಯಸಿ ಭಾಗಮತಿಯನ್ನು ನೋಡಲು ತುಂಬಿದ ಹೊಳೆಗೆ ಇಳಿದನೆಂದೂ, ಹೆದರಿದ ತಂದೆ ಸೇತುವೆ ಕಟ್ಟಿಸಿದನೆಂದೂ ಇಲ್ಲಿನವರು ಹೇಳುತ್ತಾರೆ. ಆಗ ಹುಡುಗನಿಗೆ ಹದಿಮೂರರ ಆಸುಪಾಸು! ಲೆಕ್ಕ ಕೂಡದಿದ್ದರೂ ಕಥೆ ಮಾತ್ರ ಉಳಿದಿದೆ. ಗೋಲ್ಕೊಂಡಕ್ಕೆ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಇದನ್ನು ಪ್ಯಾರಿಸ್ಸಿನ ಪೋಂ ನಫ್ ಸೇತುವೆಗೆ ಹೋಲಿಸಿದ್ದ.

ಇದರ ನಿಜವಾದ ಪರೀಕ್ಷೆ ನಡೆದದ್ದು 1908ರ ಸೆಪ್ಟೆಂಬರ್ 28ರಂದು. ಮೂಸಿಯ ಮಹಾಪೂರಕ್ಕೆ ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಸಾವಿರಾರು ಜನ ಸತ್ತರು. ಎರಡು ದಡಗಳ ನಡುವೆ ಉಳಿದದ್ದು ಈ ಮುದಿ ಸೇತುವೆಯೊಂದೇ. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನೆರೆಯ ನೀರನ್ನು ಊರಿನ ಮೇಲ್ಭಾಗದಲ್ಲೇ ಹಿಡಿದು ನಿಲ್ಲಿಸಬೇಕೆಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಬಂದವು. ಊರಿಗೆ ಕುಡಿಯುವ ನೀರೂ ಸಿಕ್ಕಿತು.

ಈಗ ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೆ ಓಡುತ್ತವೆ. ಹಳೆಯದರ ಮೇಲೆ ತರಕಾರಿ ಸಂತೆ. ಅಪ್ಪ ತಮ್ಮ ಕಲಬುರಗಿ ಉರ್ದುವಿನಲ್ಲೇ ಚೌಕಾಸಿ ಮಾಡಿ ನಿಂಬೆಹಣ್ಣು ಕೊಂಡರು. ಭಾಷೆಗೆ ಒಂದಿಷ್ಟೂ ತೊಡಕಾಗಲಿಲ್ಲ. 1956ರವರೆಗೆ ಇದು ನಮ್ಮ ಕಡೆಯವರಿಗೂ ರಾಜಧಾನಿಯೇ ತಾನೆ!

ಆಮೇಲೆ ಕಟ್ಟೆಯಿಂದ ಕೆಳಗೆ ಬಗ್ಗಿ, ಮೂಗಿಗೆ ಟವೆಲ್ ಹಿಡಿದು ಕೇಳಿದರು: "ಇದಾ ಏನೋ ಮೂಸಿ? ನೀರು ಎಲ್ಲಿ ಅದ?"

ಕಪ್ಪಗೆ ಹರಿಯುತ್ತಿದ್ದದ್ದು ಊರಿನ ಕೊಳಚೆ. ನಾನು ಜಲಾಶಯ, ಒಳಚರಂಡಿ ಎಂದು ಏನೇನೋ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ಹೊಳಿ ತಡಿಲಿಕ್ಕ ವಿಶ್ವೇಶ್ವರಯ್ಯನವ್ರು ಬಂದ್ರು. ಗಟಾರಕ್ಕ ಯಾರನ್ನ ಕರೀತೀರಿ?"

ನಾನು ಸುಮ್ಮನಾದೆ. ಇಪ್ಪತ್ತು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿದ್ದೇನೆ. ನಮ್ಮ ಮನೆಯ ಬಚ್ಚಲ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.