ಅತ್ಯಂತ ಕೆಟ್ಟ ಚಿತ್ರ ಯಾವುದು?

ಒಳ್ಳೆಯ ಚಲಚ್ಚಿತ್ರ ಯಾವುದೆಂದು ಯಾರನ್ನಾದರೂ ಕೇಳಿರಿ. ಅವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಒಂದು ಹೆಸರನ್ನು ಹೇಳುತ್ತಾರೆ, ಅದನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೊಂದನ್ನು ಹೇಳುತ್ತಾರೆ. ನೋಡಿದವುಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೆಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಇದನ್ನು ನಾನು ಪರೀಕ್ಷಿಸಿ ನೋಡಿದ್ದು ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ. ಈ ಕವಲುದಾರಿಯ ಉದ್ದ ಸುಮಾರು 16 ಕಿಲೋಮೀಟರು. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿದರೆ ದಾರಿಯೇ ಮುಗಿಯಿತು. ಬೆಂಗಳೂರಿನಲ್ಲಿ ದುಡಿದು ಸಂಜೆ ಮನೆಗೆ ಮರಳುವ ಜನ ಅದರಲ್ಲಿ ತುಂಬಿರುತ್ತಾರೆ. ದಣಿದವರಿಗೆ ತೆಗಳಲು ಒಂದು ವಸ್ತು ದೊರೆತರೆ ಅದಕ್ಕಿಂತ ಸುಖ ಬೇರೆ ಬೇಕೆ?

ಬ್ಯಾಂಕಿನ ಗುಮಾಸ್ತರೊಬ್ಬರು, ತಾವು ಮದುವೆಯಾದ ಮರುವಾರ ಹೆಂಡತಿಯೊಡನೆ ನೋಡಿದ ಚಿತ್ರವೇ ಅತ್ಯಂತ ಕೆಟ್ಟದ್ದೆಂದರು. ಕಾರಣವೇನೆಂದರೆ, ಒಟ್ಟಿಗೆ ಜಾಗ ಸಿಕ್ಕದೆ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಕೂರಬೇಕಾಯಿತಂತೆ. ದಾದಿಯೊಬ್ಬರು, ರಾತ್ರಿಯ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ನೋಡಿದ ಚಿತ್ರವನ್ನು ಹೆಸರಿಸಿದರು. ಕಾಲೇಜಿನ ಹುಡುಗನೊಬ್ಬ, ಗೆಳೆಯರೆಲ್ಲರೂ ಕೊಂಡಾಡಿದರೆಂಬ ಒಂದೇ ಕಾರಣಕ್ಕೆ ಒಂದು ಚಿತ್ರವನ್ನು ಜರೆದ. ಇವು ಚಿತ್ರದ ದೋಷಗಳಲ್ಲವೆಂಬುದು ಸ್ಪಷ್ಟ. ನಮ್ಮ ತೀರ್ಪುಗಳಲ್ಲಿ ಒಂದು ಪಾಲು ಹೀಗೆ ನಮ್ಮ ಹಸಿವು, ನಿದ್ದೆ, ನಿರೀಕ್ಷೆಗಳ ಕಥೆಯಾಗಿರುತ್ತದೆ. ಆ ಪಾಲನ್ನು ಮೊದಲು ಬೇರ್ಪಡಿಸಿಬಿಡೋಣ. ಉಳಿದುದನ್ನು ವಿಚಾರಿಸಿದರೆ ಚಿತ್ರವೊಂದು ಕೆಡುವುದಕ್ಕೆ ಮುಖ್ಯವಾಗಿ ಮೂರು ದಾರಿಗಳುಂಟೆಂದು ತೋರುತ್ತದೆ: ಕೈಲಾಗದೆ ಕೆಡುವುದು ಒಂದು, ಕೈಯಲ್ಲಿ ಎಲ್ಲವೂ ಇದ್ದು ಕೆಡುವುದು ಎರಡು, ಬಲ್ಲವರ ಮುಂದೆ ಇಲ್ಲದ್ದನ್ನು ಹೇಳಿ ಕೆಡುವುದು ಮೂರು.

ಕೈಲಾಗದೆ ಕೆಟ್ಟವುಗಳಲ್ಲಿ ಅಮೆರಿಕಾದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಎಂಬ ಚಿತ್ರಕ್ಕೆ ಅಗ್ರಸ್ಥಾನ. ಎಡ್ವರ್ಡ್ ವುಡ್ ಎಂಬಾತ ತಯಾರಿಸಿದ ಈ ಚಿತ್ರ 1957ರಲ್ಲಿ ಮೊದಲು ಪ್ರದರ್ಶಿತವಾಯಿತು. ಅದರಲ್ಲಿ ಕಾಣಿಸಿಕೊಳ್ಳುವ ಪ್ರಸಿದ್ಧ ನಟ ಬೇಲಾ ಲುಗೋಸಿ 1956ರಲ್ಲಿಯೇ ತೀರಿಕೊಂಡಿದ್ದ. ಆತ ಬದುಕಿದ್ದಾಗ ಬೇರೊಂದು ಉದ್ದೇಶದಿಂದ ತೆಗೆದಿಟ್ಟಿದ್ದ ಕೆಲವು ನಿಮಿಷಗಳ ಚಿತ್ರವನ್ನು ವುಡ್ ಇದರಲ್ಲಿ ಸೇರಿಸಿದ. ಉಳಿದ ಕಡೆಗಳಲ್ಲಿ ಬೇರೊಬ್ಬನನ್ನು ನಿಲ್ಲಿಸಿ, ಗುರುತು ಸಿಕ್ಕದಿರಲೆಂದು ನಿಲುವಂಗಿಯ ಅಂಚಿನಿಂದ ಮುಖವನ್ನು ಮುಚ್ಚಿಸಿದ. ಆ ಬೇರೊಬ್ಬನಾದರೋ ಲುಗೋಸಿಗಿಂತ ಎತ್ತರದ ಆಳು! 1980ರಲ್ಲಿ ಮೆಡ್ವೆಡ್ ಸಹೋದರರು ಪ್ರಕಟಿಸಿದ ಪುಸ್ತಕವೊಂದರಲ್ಲಿ, ಓದುಗರ ಮತದಂತೆ, ಇದಕ್ಕೆ ಸರ್ವಕಾಲದ ಅತ್ಯಂತ ಕೆಟ್ಟ ಚಿತ್ರವೆಂಬ ಬಿರುದು ಬಂದಿತು. ಅಂದಿನಿಂದ ಅದರ ಅದೃಷ್ಟವೇ ತೆರೆಯಿತೆನ್ನಬೇಕು. ಒಳ್ಳೆಯದೆನಿಸಿಕೊಂಡ ಎಷ್ಟೋ ಚಿತ್ರಗಳನ್ನು ಮರೆತ ಜನ ಇದನ್ನು ಹುಡುಕಿಕೊಂಡು ಹೋಗಿ ನೋಡಿ ನಕ್ಕು ಬರುತ್ತಾರೆ.

ಈ ವಾತ್ಸಲ್ಯಕ್ಕೆ ಕಾರಣವೇನು? ನಾನು ಹುಡುಗನಾಗಿದ್ದಾಗ ಕೋಲಾರದ ಕಡೆಯ ಹಳ್ಳಿಗಳಲ್ಲಿ ಟೆಂಟು ಸಿನಿಮಾ ಇನ್ನೂ ಉಳಿದಿತ್ತು. ರೀಲು ಹರಿಯುತ್ತಿತ್ತು, ಪರದೆ ಗಾಳಿಗೆ ಹೊಟ್ಟೆಯುಬ್ಬಿಸಿಕೊಂಡು ನಾಯಕನ ಮೂಗನ್ನು ಎರಡರಷ್ಟು ಮಾಡುತ್ತಿತ್ತು, ಮಳೆ ಬಂದರೆ ಮಾತು ಕೇಳಿಸುತ್ತಿರಲಿಲ್ಲ. ಅದಕ್ಕಾಗಿ ಯಾರೂ ಚಿತ್ರವನ್ನು ಬೈದದ್ದನ್ನು ಕಾಣೆ. ಬಯಲಾಟದಲ್ಲಿ ಹನುಮಂತನ ಬಾಲ ಕಂಬಕ್ಕೆ ಸಿಕ್ಕಿಕೊಂಡರೆ ಮುಂದಿನ ಸಾಲಿನವನೇ ಎದ್ದು ಬಿಡಿಸಿಕೊಡುತ್ತಾನೆ. ಮಾಡುವವನು ತನ್ನ ಕೈಲಾದಷ್ಟನ್ನೂ ಮಾಡಿದ್ದಾನೆಂದು ಕಂಡರೆ, ಕೊರತೆಯನ್ನು ನೋಟಕನೇ ತುಂಬಿಕೊಳ್ಳುತ್ತಾನೆ. ವುಡ್ ತನ್ನ ನೋಟಕರನ್ನು ವಂಚಿಸಲು ಹೊರಟವನಲ್ಲ. ತಾನೊಂದು ಮಹಾಚಿತ್ರವನ್ನು ತೆಗೆಯುತ್ತಿದ್ದೇನೆಂದು ಮನಸಾರೆ ನಂಬಿದವನು. ಇಂಥ ಚಿತ್ರ ಹಾಸ್ಯಾಸ್ಪದವಾಗಬಹುದು, ಅತ್ಯಂತ ಕೆಟ್ಟದ್ದಾಗಲಾರದು.

ಇನ್ನು ಎರಡನೆಯ ದಾರಿ. ಇದಕ್ಕೆ ನಿದರ್ಶನವಾಗಿ, ಒಂದೇ ಕಥೆಯನ್ನು ಎರಡು ಸಲ ಹೇಳಿದ ಎರಡು ಹಿಂದೀ ಚಿತ್ರಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’. ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ಅದನ್ನು ಚಿತ್ರೀಕರಿಸಿದರು. 1975ರ ಆಗಸ್ಟ್ 15ರಂದು ಅದು ತೆರೆಕಂಡಾಗ ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಚಿತ್ರ ಸೋತಿತೆಂದೇ ವ್ಯಾಪಾರದವರು ಭಾವಿಸಿದರು. ಆಮೇಲೆ ಜನರ ಬಾಯಿಂದ ಬಾಯಿಗೆ ಕೀರ್ತಿ ಹಬ್ಬಿ, ಬೊಂಬಾಯಿಯ ಮಿನರ್ವ ಚಿತ್ರಮಂದಿರದಲ್ಲಿ ಅದು ಐದು ವರ್ಷಗಳಿಗೂ ಹೆಚ್ಚು ಕಾಲ ಓಡಿತು. ಮೊದಲ ವಾರದ ತೀರ್ಪನ್ನು ಪೂರ್ತಿಯಾಗಿ ನಂಬಬಾರದೆಂಬುದಕ್ಕೆ ಇದೊಂದು ಸಾಕ್ಷಿ.

ಅದೇ ಕಥೆಯನ್ನು 2007ರಲ್ಲಿ ‘ರಾಮ್ ಗೋಪಾಲ್ ವರ್ಮಾ ಕೀ ಆಗ್’ ಎಂಬ ಹೆಸರಿನಲ್ಲಿ ಮತ್ತೆ ತೆಗೆದರು. ಹಣವಿತ್ತು, ಉಪಕರಣವಿತ್ತು; ಮೊದಲ ಚಿತ್ರದಲ್ಲಿ ನಾಯಕರಲ್ಲೊಬ್ಬರಾಗಿದ್ದ ಅಮಿತಾಭ್ ಬಚ್ಚನ್ ಅವರೇ ಇಲ್ಲಿ ಖಳನ ಪಾತ್ರಕ್ಕೆ ದೊರೆತಿದ್ದರು. ಆದರೂ ಹಿಂದಿಯ ಅತ್ಯಂತ ಕೆಟ್ಟ ಚಿತ್ರಗಳನ್ನು ಎಣಿಸುವವರು ಇದನ್ನು ಬಿಡುವುದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮೊದಲ ಚಿತ್ರದಲ್ಲಿ ಡಕಾಯಿತನ ಭಯ ಹುಟ್ಟುವುದು ಬಂಡೆಗಳಿಂದ: ಹಳ್ಳಿ ಒಂಟಿ, ಪೊಲೀಸಿನವರು ದೂರ, ಕೂಗಿದರೆ ಬೆಟ್ಟವೇ ಮರುದನಿ ಕೊಡಬೇಕು. ಅದೇ ಡಕಾಯಿತನನ್ನು ಮುಂಬಯಿಗೆ ಒಯ್ದು ನಿಲ್ಲಿಸಿದರೆ ಅವನ ಮಾತುಗಳಿಗೆ ಬೇರೇ ಇಲ್ಲದಾಗುತ್ತದೆ. ಔಚಿತ್ಯ ತಪ್ಪುವುದಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ಮತ. ಸಾವಿರ ವರ್ಷಗಳ ಹಿಂದೆ ಕಾವ್ಯವನ್ನು ಕುರಿತು ಹೇಳಿದ ಈ ಮಾತು ಚಲಚ್ಚಿತ್ರಕ್ಕೂ ಸಲ್ಲುತ್ತದೆ. ಇಲ್ಲಿ ನೋಟಕನಿಗೆ ನಗುವೂ ಬರುವುದಿಲ್ಲ. ಎಲ್ಲವೂ ಇದ್ದವನು ಯೋಚನೆಯೊಂದನ್ನು ಮಾತ್ರ ಮಾಡಲಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಮೂರನೆಯ ದಾರಿ ಇನ್ನೂ ಸೂಕ್ಷ್ಮವಾದದ್ದು. ಅದನ್ನು ನನಗೆ ತಿಳಿಸಿಕೊಟ್ಟವರು ಕೋರಮಂಡಲಿನಲ್ಲಿ ನಮ್ಮ ನೆರೆಯಲ್ಲಿರುವ ಹಿರಿಯರೊಬ್ಬರು. ವಯಸ್ಸು ಎಂಬತ್ತರ ಸಮೀಪ; ಚಿನ್ನದ ಗಣಿಯೊಳಗೆ ಮೂವತ್ತು ವರ್ಷಗಳಿಗೂ ಹೆಚ್ಚು ದುಡಿದವರು. ಮನೆಯ ಮಾತು ತಮಿಳು. ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ರೈಲಿನಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಅವರ ಜಗುಲಿಯಲ್ಲಿ ಕುಳಿತು ಕೇಳಿದೆ. ಅವರು ಯೋಚಿಸಲೇ ಇಲ್ಲ. “ನಮ್ಮ ಊರಿನ ಹೆಸರು ಇಟ್ಟಿದ್ದಾರಲ್ಲ, ಅದೇ ಸಿನಿಮಾ” ಎಂದರು.

ಅವರು ಹೇಳಿದ್ದು ‘ಕೆ.ಜಿ.ಎಫ್.’ ಚಿತ್ರವನ್ನು. ಅದರ ಮೊದಲ ಭಾಗ 2018ರ ಡಿಸೆಂಬರ್ 21ರಂದೂ ಎರಡನೆಯ ಭಾಗ 2022ರ ಏಪ್ರಿಲ್ 14ರಂದೂ ತೆರೆಕಂಡವು. ಕನ್ನಡ ಚಿತ್ರವೊಂದು ದೇಶದ ಎಲ್ಲ ಕಡೆಗಳಲ್ಲಿಯೂ ಅಷ್ಟು ಜನರನ್ನು ಸೆಳೆದದ್ದು ಅದಕ್ಕೆ ಹಿಂದೆ ಇರಲಿಲ್ಲ. ಮೊದಲ ಭಾಗದ ಸಾಹಸದೃಶ್ಯಗಳಿಗೂ ದೃಶ್ಯಚಮತ್ಕಾರಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದಿವೆ. ಇಂಥ ಚಿತ್ರವನ್ನು ಅತ್ಯಂತ ಕೆಟ್ಟದ್ದೆಂದು ಕರೆಯುವುದು ಕೌಶಲದ ಲೆಕ್ಕದಲ್ಲಿ ಖಂಡಿತವಾಗಿ ಸಲ್ಲದು. ಹಾಗೆಂದೇ ನಾನು ಹೇಳಿದೆ.

“ಮೇಷ್ಟ್ರೇ, ಫೈಟಿಂಗು ಚೆನ್ನಾಗಿದೆ, ನಾನು ಇಲ್ಲ ಅನ್ನಲ್ಲ. ನಮ್ಮ ಸೈನೈಡ್ ದಿಬ್ಬಾನ ಅಷ್ಟು ದೊಡ್ಡದಾಗಿ ತೋರಿಸಿದ್ದಾರೆ, ಅದೂ ಚೆನ್ನಾಗಿದೆ. ಆದರೆ ಅಲ್ಲಿರೋ ಕೂಲಿ ಜನಾನ ನೋಡಿದಿರಾ? ಎಲ್ಲಾ ಸೇರಿ ಒಂದು ಮಾತು ಆಡ್ತಾರಾ? ಯಾರೋ ಒಬ್ಬ ಬಂದು ಬಿಡಿಸಲಿ ಅಂತ ತಲೆ ಬಗ್ಗಿಸಿ ಕೂತಿದ್ದಾರೆ. ನಾವು ಹಾಗಿದ್ದೆವಾ?”

ಈ ಪ್ರಶ್ನೆ ನ್ಯಾಯವಾದದ್ದೆ ಎಂಬುದನ್ನು ಪರಿಶೀಲಿಸೋಣ. ಚಿತ್ರದ ಕಥೆಯಲ್ಲಿ 1951ರಲ್ಲಿ ನರಾಚಿ ಎಂಬ ಕಲ್ಪಿತ ಸ್ಥಳದಲ್ಲಿ ಚಿನ್ನ ದೊರೆಯುತ್ತದೆ. ದುಷ್ಟನೊಬ್ಬ ಅದನ್ನು ಗುಟ್ಟಾಗಿಟ್ಟು, ಜನರನ್ನು ಸೆರೆಹಿಡಿದು ತಂದು ಗುಲಾಮರಂತೆ ದುಡಿಸುತ್ತಾನೆ. ಹೊರಗಿನಿಂದ ಬಂದ ವೀರನೊಬ್ಬ ದುಷ್ಟರನ್ನು ಕೊಲ್ಲುತ್ತಾನೆ. ನಿಜವಾದ ಕೋಲಾರದ ಗಣಿಗಳಾದರೋ 1951ರ ಹೊತ್ತಿಗೆ ಎಪ್ಪತ್ತು ವರ್ಷ ಹಳೆಯವು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿ ಕೈಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುಚ್ಛಕ್ತಿಯನ್ನು ತಂದದ್ದು ಈ ಗಣಿಗಳಿಗಾಗಿಯೇ. 1956ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶಕ್ಕೆ ಹೋದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟರಲ್ಲಿ 800 ಟನ್ನುಗಳಿಗೂ ಹೆಚ್ಚು ಚಿನ್ನ ಹೊರಬಂದಿತ್ತು.

ಕಷ್ಟವಿರಲಿಲ್ಲವೆಂದು ಇದರ ಅರ್ಥವಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು; ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು; ಮೇಲಿನ ಭಾರಕ್ಕೆ ಬಂಡೆ ತಾನಾಗಿಯೇ ಸಿಡಿದು ಆಳುಗಳನ್ನು ಬಲಿತೆಗೆದುಕೊಳ್ಳುತ್ತಿತ್ತು. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಗೊಳಿಸಿ ಕೊಲ್ಲುವ ಸಿಲಿಕೋಸಿಸ್ ಎಂಬ ರೋಗವನ್ನು ಕುರಿತು ಮೈಸೂರು ಸರ್ಕಾರ 1940ರಲ್ಲಿ ನಿಯಮಗಳನ್ನೇ ಮಾಡಬೇಕಾಯಿತು. ಆದರೆ ಇದನ್ನೆಲ್ಲ ಸಹಿಸಿದ ಜನ ತಲೆ ಬಗ್ಗಿಸಿ ಕುಳಿತವರಲ್ಲ. 1930ರಲ್ಲಿ, ಕೂಲಿಗಾರರೆಲ್ಲರ ಬೆರಳಚ್ಚು ತೆಗೆದು ದಾಖಲೆ ಮಾಡಬೇಕೆಂದು ಹೊರಟಾಗ, ನಾವೇನು ಅಪರಾಧಿಗಳೆ ಎಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಸುಮಾರು ಮೂರು ವಾರ ಮುಷ್ಕರ ಹೂಡಿದರು. ಆ ಮುಷ್ಕರದಲ್ಲಿ ನಮ್ಮ ಹಿರಿಯರ ತಂದೆಯೂ ಇದ್ದರಂತೆ. “ನಮ್ಮಪ್ಪ ಹೆಬ್ಬೆಟ್ಟು ಎತ್ತಿ ತೋರಿಸಿ ಹೇಳೋರು, ಇದನ್ನ ನಾನು ಕೊಡಲಿಲ್ಲ ಅಂತ” ಎಂದರು.

ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿಲ್ಲವೆ? ಖಂಡಿತವಾಗಿ ಉಂಟು. ಚಿತ್ರದವರು ತಮ್ಮ ಕಥೆ ಕಲ್ಪಿತವೆಂದೇ ಹೇಳಿದ್ದಾರೆ. ಇತಿಹಾಸವನ್ನು ಬರೆಯುತ್ತೇವೆಂದು ಹೇಳಿದವರಲ್ಲ. ಆದರೂ ಹೆಸರು ನಿಜದ್ದು, ದಿಬ್ಬದ ಮಣ್ಣು ನಿಜದ್ದು, ಜನ ಮಾತ್ರ ಕಲ್ಪಿತರು. ಬಲ್ಲವನಿಗೆ ಇದು ನೋವು. ಅರಿಯದವನಿಗೆ ಇದೇ ಅರಿವು. ಹುಬ್ಬಳ್ಳಿಯಲ್ಲಿಯೋ ಪಾಟ್ನಾದಲ್ಲಿಯೋ ಕುಳಿತು ನೋಡುವ ತರುಣನಿಗೆ ಕೋಲಾರದ ಚಿನ್ನದ ಗಣಿಯೆಂದರೆ ಅಷ್ಟೇ. ಕುಶಲತೆ ಹೆಚ್ಚಿದಷ್ಟೂ ನಂಬಿಕೆ ಹೆಚ್ಚುತ್ತದೆ. ವುಡ್‌ನ ಚಿತ್ರ ಯಾರ ನೆನಪನ್ನೂ ಅಳಿಸಲಾರದು, ಅದಕ್ಕೆ ಅಷ್ಟು ಶಕ್ತಿಯಿಲ್ಲ. ಸೊಗಸಾದ ಚಿತ್ರಕ್ಕೆ ಆ ಶಕ್ತಿಯುಂಟು.

ಇಷ್ಟಕ್ಕೇ ಮಾತು ಮುಗಿದಿದ್ದರೆ ನನ್ನ ತೀರ್ಪು ಸುಲಭವಾಗುತ್ತಿತ್ತು. ಆದರೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಮೊಮ್ಮಗ ಬಾಯಿ ಹಾಕಿದ. ಅವನು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವ ಹುಡುಗ. ಆ ಚಿತ್ರವನ್ನು ಆರು ಸಲ ನೋಡಿದವನು.

“ತಾತ, ಆ ಸಿನಿಮಾ ಬರೋಕೆ ಮುಂಚೆ, ಯಾವೂರು ಅಂತ ಕೇಳಿದ್ರೆ ಕೋಲಾರದ ಹತ್ತಿರ ಅಂತಿದ್ದೆ. ಈಗ ಕೆ.ಜಿ.ಎಫ್. ಅಂತೀನಿ. ಎಲ್ಲರೂ ತಿರುಗಿ ನೋಡ್ತಾರೆ.”

“ಗಣಿ ಹೇಗಿತ್ತು ಅಂತ ಅವರು ಕೇಳಿದ್ರೆ ಏನು ಹೇಳ್ತೀಯ?”

“ಸಿನಿಮಾದಲ್ಲಿ ಇರೋದನ್ನೇ ಹೇಳ್ತೀನಿ. ನೀವು ಯಾವತ್ತೂ ನನಗೆ ಏನೂ ಹೇಳಿಲ್ಲವಲ್ಲ.”

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ನನಗೂ ಮಾತು ತೋಚಲಿಲ್ಲ. ಗಣಿ ಮುಚ್ಚಿದ ಮೇಲೆ ಆ ಮಾತನ್ನೇ ಎತ್ತದ ಮನೆಗಳು ನಮ್ಮ ಬೀದಿಯಲ್ಲಿ ಎಷ್ಟಿವೆಯೋ! ಹೇಳಬೇಕಾದವರು ಹೇಳದೆ ಬಿಟ್ಟ ಜಾಗದಲ್ಲಿ ಚಿತ್ರ ಬಂದು ಕುಳಿತಿತು. ತಪ್ಪು ಬಂದು ಕುಳಿತದ್ದರದೊಂದೇ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಮೊದಲ ದಿನ ಕೇಜಿನಲ್ಲಿ ಕೆಳಗೆ ಇಳಿದಾಗ ಕಿವಿ ಹೇಗೆ ಮುಚ್ಚಿಹೋಯಿತೆಂಬುದರಿಂದ ಆರಂಭಿಸಿದರು. ನಾನು ಎದ್ದು ಬಂದೆ.

ಆದುದರಿಂದ ಕೇಳುಗರಲ್ಲಿ ನನ್ನ ಅರಿಕೆಯಿಷ್ಟು. ಮುಂದೆ ಯಾವುದಾದರೂ ಚಿತ್ರವನ್ನು ಅತ್ಯಂತ ಕೆಟ್ಟದ್ದೆಂದು ಹೇಳುವಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಮಾಡಿದವನು ಕೈಲಾಗದೆ ಸೋತನೆ? ಹಾಗಿದ್ದರೆ ನಕ್ಕು ಬಿಟ್ಟುಬಿಡಿರಿ. ಎಲ್ಲವೂ ಇದ್ದು ಉದಾಸೀನದಿಂದ ಕೆಡಿಸಿದನೆ? ಹಾಗಿದ್ದರೆ ನಿಮ್ಮ ಹಣದ ಲೆಕ್ಕವನ್ನು ಧಾರಾಳವಾಗಿ ಕೇಳಿರಿ. ನೀವು ಬಲ್ಲ ಸಂಗತಿಯೊಂದನ್ನು ಅಲ್ಲದ್ದನ್ನಾಗಿ ತೋರಿಸಿದನೆ? ಹಾಗಿದ್ದರೆ ತೆಗಳಿ ಸುಮ್ಮನಾಗಬೇಡಿರಿ. ನೀವು ಬಲ್ಲದ್ದನ್ನು ಅಂದಿನ ರಾತ್ರಿಯೇ ಮನೆಯ ಮಕ್ಕಳಿಗೆ ಹೇಳಿರಿ. ನಮ್ಮ ನೆರೆಯವರ ಜಗುಲಿಯಲ್ಲಿ ಈಗ ದಿನವೂ ಊಟವಾದ ಮೇಲೆ ದೀಪ ಉರಿಯುತ್ತಿರುತ್ತದೆ. ಆ ಚಿತ್ರವನ್ನು ಕುರಿತ ಅವರ ಅಭಿಪ್ರಾಯ ಮಾತ್ರ ಬದಲಾಗಿಲ್ಲ.